ದೀಪ ಹೊತ್ತಿಲ್ಲ, ಆದರೂ ಗಾಡಿ ಎಳೆಯುತ್ತಿಲ್ಲ: ಎಂಜಿನ್ ದೋಷ ಹಿಡಿಯುವ ಕ್ರಮ

ಪಿಕಪ್ ಕುಸಿದಿದೆ, ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತದೆ, ಒಂದೊಂದು ಸಲ ಎಂಜಿನ್ ತಾನಾಗಿ ಆಫ್ ಆಗುತ್ತದೆ. ಮೀಟರ್ ಬೋರ್ಡ್ ನೋಡಿದರೆ ಒಂದು ದೀಪವೂ ಇಲ್ಲ. ಇಂಥ ಗಾಡಿ ಗ್ಯಾರೇಜಿಗೆ ಹೋದರೆ ಎರಡರಲ್ಲೊಂದು ಆಗುತ್ತದೆ: ‘ಯಾವ ಕೋಡೂ (ಗಾಡಿಯ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಇಲ್ಲ, ಗಾಡಿ ಸರಿಯಾಗೇ ಇದೆ’ ಎಂದು ವಾಪಸ್ ಕಳಿಸುತ್ತಾರೆ, ಇಲ್ಲವೇ ಪ್ಲಗ್, ಕಾಯಿಲ್, ಪಂಪ್ ಎಂದು ಒಂದೊಂದೇ ಬದಲಿಸುತ್ತ ಹೋಗುತ್ತಾರೆ. ಕ್ರಮವಾಗಿ ಅಳೆಯುತ್ತ ಹೋದರೆ ಇವೆರಡೂ ಬೇಕಾಗುವುದಿಲ್ಲ.

ದೀಪ ಯಾಕೆ ಹೊತ್ತುವುದಿಲ್ಲ ಎಂಬುದು ಮೊದಲು ತಿಳಿದಿರಲಿ. ಚೆಕ್ ಎಂಜಿನ್ ದೀಪ ಎಂಜಿನ್ನಿನ ಆರೋಗ್ಯ ನೋಡಲು ಇಟ್ಟದ್ದಲ್ಲ, ಹೊಗೆ ನಿಯಂತ್ರಣ ಕೆಟ್ಟರೆ ಹೇಳಲು ಇಟ್ಟದ್ದು. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಕಾಣುವುದು ಸೆನ್ಸರ್‌ಗಳಿಂದ ಬರುವ ವೋಲ್ಟೇಜ್ ಮಾತ್ರ. ಕೂಲೆಂಟ್ ತಾಪಮಾನದ ಸೆನ್ಸರ್ ಉದಾಹರಣೆ ತೆಗೆದುಕೊಳ್ಳಿ. ಅದರ ವೈರ್ ತುಂಡಾದರೆ ಇಸಿಯುಗೆ ಮೈನಸ್ 40 ಡಿಗ್ರಿ ಎಂದು ಕಾಣುತ್ತದೆ. ಅದು ಅಸಾಧ್ಯವಾದ್ದರಿಂದ ದೀಪ ಹೊತ್ತುತ್ತದೆ. ಆದರೆ ಸೆನ್ಸರ್ ಹಳತಾಗಿ, ನೀರು 90 ಡಿಗ್ರಿ ಇದ್ದಾಗ 60 ಎಂದು ಹೇಳತೊಡಗಿದರೆ? 60 ಎಂಬುದು ನಂಬಬಹುದಾದ ಅಂಕಿ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ದೀಪ ಮಾತ್ರ ಹೊತ್ತದೇ ಇರಬಹುದು. ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಅದುಮಿದಾಗಿನ ಒತ್ತಡ) ಇಳಿದದ್ದು, ಸೈಲೆನ್ಸರ್ ಕಟ್ಟಿಕೊಂಡದ್ದು, ಎಂಜಿನ್ ಮೌಂಟ್ (ಎಂಜಿನ್ ಕೂರುವ ರಬ್ಬರ್ ಆಸರೆ) ಹರಿದದ್ದು ಇವನ್ನು ನೇರವಾಗಿ ಅಳೆಯುವ ಸೆನ್ಸರೇ ಸಾಮಾನ್ಯ ಕಾರಿನಲ್ಲಿಲ್ಲ. ಜೊತೆಗೆ, ಬಹಳಷ್ಟು ದೋಷಗಳು ಎರಡು ಬೇರೆ ಬೇರೆ ಓಟಗಳಲ್ಲಿ ಮರುಕಳಿಸಿದರೆ ಮಾತ್ರ ದೀಪ ಹೊತ್ತುತ್ತದೆ.

ಮೊದಲು ದೀಪವನ್ನೇ ಪರೀಕ್ಷಿಸಿ

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್ ದೀಪ ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬ್ ಹೋಗಿದೆ, ಅಥವಾ ಯಾರೋ ಬೇಕೆಂದೇ ಅದನ್ನು ಮುಚ್ಚಿದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ದೀಪವಿಲ್ಲ ಎಂಬ ಧೈರ್ಯದಲ್ಲಿ ಓಡಿಸಲೇಬಾರದ ಸಂದರ್ಭಗಳೂ ಇವೆ. ಎಂಜಿನ್ನಿನ ಕೆಳಭಾಗದಿಂದ ಸುತ್ತಿಗೆ ಬಡಿದಂಥ ದಪ್ಪ ಶಬ್ದ, ಏರುತ್ತಿರುವ ಟೆಂಪರೇಚರ್ ಮುಳ್ಳು, ಪೆಟ್ರೋಲ್ ವಾಸನೆ, ಆಯಿಲ್ ಪ್ರೆಷರ್ ದೀಪ ಮಿಣುಕುವುದು: ಇವುಗಳಲ್ಲಿ ಒಂದಿದ್ದರೂ ಎಂಜಿನ್ ಆಫ್ ಮಾಡಿ. ಮುಂದಿನ ಪರೀಕ್ಷೆಗಳು ನಿಂತ ಜಾಗದಲ್ಲೇ ಆಗಲಿ.

ಯಾವಾಗ ಆಗುತ್ತದೆ? ಬರೆದಿಟ್ಟುಕೊಳ್ಳಿ

ಯಾವ ಉಪಕರಣಕ್ಕಿಂತಲೂ ಈ ಟಿಪ್ಪಣಿಯೇ ದೋಷದ ಹತ್ತಿರ ಬೇಗ ಕರೆದೊಯ್ಯುತ್ತದೆ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಐಡ್ಲಿಂಗ್‌ನಲ್ಲೋ ಏರಿನಲ್ಲೋ, ಯಾವ ಗೇರ್, ಎಷ್ಟು ಆರ್‌ಪಿಎಂ, ಎಸಿ ಆನ್ ಇತ್ತೇ, ಟ್ಯಾಂಕ್ ಎಷ್ಟಿತ್ತು, ಮಳೆ ಬಂದಿತ್ತೇ ಎಂದು ನಾಲ್ಕೈದು ಓಟದಲ್ಲಿ ಗುರುತು ಹಾಕಿ. ಮಾದರಿ ತಾನಾಗಿ ಕಾಣತೊಡಗುತ್ತದೆ.

ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಒದ್ದಾಡುತ್ತದೆ, ಉಳಿದ ಹೊತ್ತು ಸರಿ ಎಂದರೆ ಬಹುಮಟ್ಟಿಗೆ, ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆ. ಆ ಆವಿಯೆಲ್ಲ ಇಂಟೇಕ್‌ಗೆ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ನುಗ್ಗುತ್ತಿದೆ. ತಣ್ಣನೆಯ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆ ವಾಲ್ವ್‌ಗೆ ಕ್ಯಾನಿಸ್ಟರ್ (ಆವಿ ಹಿಡಿದಿಡುವ ಡಬ್ಬಿ) ಕಡೆಯಿಂದ ಬರುವ ಹೋಸ್ ಬಿಚ್ಚಿ, ವಾಲ್ವ್ ಬಾಯಿಗೆ ಬೆರಳಿಡಿ. ಎಳೆತ ಇರಕೂಡದು.

ಬಿಸಿಯಾದ ಮೇಲೆ ತಟಕ್ಕನೆ ಆಫ್ ಆಗಿ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ ಎಂದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡಿ. ಅದು ಕೈಕೊಟ್ಟಾಗಲೇ ಸ್ಕ್ಯಾನರ್ (ಇಸಿಯುವಿನ ಮಾಹಿತಿ ಓದುವ ಉಪಕರಣ) ಹಾಕಿ ಸೆಲ್ಫ್ ಹೊಡೆಯಿರಿ: ಎಂಜಿನ್ ತಿರುಗುತ್ತಿದ್ದರೂ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆ ತೋರಿಸಿದರೆ ಸಿಗ್ನಲ್ ಬರುತ್ತಿಲ್ಲ. ಸೆನ್ಸರ್ ಕೊಳ್ಳುವ ಮೊದಲು ಅದರ ಕನೆಕ್ಟರ್, ವೈರ್ ನೋಡಿ.

ಬಿಸಿ ಎಂಜಿನ್ ಒಂದು ಗಂಟೆ ನಿಂತ ಮೇಲೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿದೆಯೇ? ಕೀ ಆನ್ ಮಾಡಿ 3 ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ ಮಾಡಿದ ಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದುಕೊಂಡರೆ ನಿಂತಾಗ ಲೈನಿನ ಫ್ಯೂಯಲ್ ಪ್ರೆಷರ್ ಇಳಿದುಹೋಗುತ್ತಿದೆ ಎಂದರ್ಥ. ಕಾರಣ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವುದು) ಅಥವಾ ಸೋರುವ ಇಂಜೆಕ್ಟರ್.

ಆಟೋಮ್ಯಾಟಿಕ್ ಗಾಡಿ ಡಿ ಗೇರಿನಲ್ಲಿ ನಿಂತಾಗ ನಡುಗಿ, ಎನ್‌ಗೆ ಹಾಕಿದರೆ ಸುಮ್ಮನಾಗುವುದಾದರೆ ಮೊದಲ ಅನುಮಾನ ಎಂಜಿನ್ ಮೌಂಟ್ ಮೇಲೆ.

ಇದು ಎಂಜಿನ್ನಿನದೇ ದೋಷವೇ?

‘ಎಳೆಯುತ್ತಿಲ್ಲ’ ಎಂಬ ದೂರಿನ ಮೂಲ ಎಂಜಿನ್‌ನಲ್ಲೇ ಇರಬೇಕೆಂದಿಲ್ಲ. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇನ್ನು ಬ್ರೇಕ್: ಆದಷ್ಟು ಕಡಿಮೆ ಬ್ರೇಕ್ ಹಿಡಿದು 10 ನಿಮಿಷ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಬೆಂಕಿಯಂತಿದ್ದರೆ ಆ ಚಕ್ರದ ಬ್ರೇಕ್ ಕ್ಯಾಲಿಪರ್ ಬಿಡದೆ ಹಿಡಿದುಕೊಂಡಿದೆ. ಇವೆರಡನ್ನೂ ನೋಡದೆ ಫ್ಯೂಯಲ್ ಪಂಪ್ ಬದಲಿಸಿದವರು ಬಹಳ ಜನ.

ಬಾನೆಟ್ ಎತ್ತಿ, ಏನನ್ನೂ ಬಿಚ್ಚದೆ

ತಣ್ಣಗಿರುವಾಗ ನೋಡಿ. ಕೂಲಿಂಗ್ ಫ್ಯಾನ್ ಕೀ ಆಫ್ ಇದ್ದರೂ ತಾನಾಗಿ ತಿರುಗಬಹುದು, ಕೈ ದೂರವಿರಲಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಎಂಜಿನ್ ಓಡಿಸುವುದಿದ್ದರೆ ಶೆಡ್ಡಿನ ಬಾಗಿಲು ತೆರೆದಿಡಿ.

ಆಯಿಲ್ ಕಡ್ಡಿ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದು ಮಟ್ಟ ಮೇಲಿನ ಗುರುತು ದಾಟಿದ್ದರೆ ಇಂಧನ ಆಯಿಲ್‌ಗೆ ಇಳಿಯುತ್ತಿದೆ. ಹಾಲು ಬೆರೆಸಿದ ಬಣ್ಣವಿದ್ದರೆ ಕೂಲೆಂಟ್ ಸೇರಿದೆ. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ಕೆನೆ ಇದ್ದರೆ ಹೆದರಬೇಕಿಲ್ಲ, ಬರೀ ಸಣ್ಣ ಓಟಗಳಲ್ಲೇ ಬಳಸುವ ಗಾಡಿಗಳಲ್ಲಿ ತೇವದಿಂದ ಹಾಗಾಗುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಇಲಿ ಗೂಡು ಕಟ್ಟಿದ್ದೂ ಉಂಟು.

ಈಗ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಹೋಗುವ ದಪ್ಪ ರಬ್ಬರ್ ಹೋಸ್. ಮಡಿಕೆ ಮಡಿಕೆಯಾಗಿರುವ ಈ ಹೋಸಿನ ಬಿರುಕು ಸಾಮಾನ್ಯವಾಗಿ ಕೆಳಬದಿಯ ಮಡಿಕೆಯೊಳಗಿರುತ್ತದೆ, ಮೇಲಿನಿಂದ ಹೊಚ್ಚ ಹೊಸದರಂತೆ ಕಾಣುತ್ತದೆ. ಕೈಯಲ್ಲಿ ಹಿಡಿದು ಬಾಗಿಸಿ, ಟಾರ್ಚ್ ಹಿಡಿದು ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡಿ. ಐಡ್ಲಿಂಗ್‌ನಲ್ಲಿ ಮುಚ್ಚಿಕೊಂಡಿದ್ದು, ಗೇರ್ ಹಾಕಿ ಎಂಜಿನ್ ಮೌಂಟ್ ಮೇಲೆ ವಾಲಿದಾಗ ಮಾತ್ರ ಬಾಯ್ತೆರೆಯುವ ಬಿರುಕುಗಳಿವೆ. ‘ಗ್ಯಾರೇಜಿನಲ್ಲಿ ಸರಿ, ರಸ್ತೆಯಲ್ಲಿ ಜರ್ಕ್’ ಎಂಬ ದೂರಿಗೆ ಇದೊಂದು ಹಳೇ ಕಾರಣ. ಸಣ್ಣ ವ್ಯಾಕ್ಯೂಮ್ ಹೋಸ್‌ಗಳ ತುದಿಗಳನ್ನೂ ಬ್ರೇಕ್ ಬೂಸ್ಟರ್ ಹೋಸನ್ನೂ ಹೀಗೆಯೇ ಬಾಗಿಸಿ ನೋಡಿ. ನಿಂತಲ್ಲಿ ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ‘ಸ್ಸ್’ ಎಂದು ಐಡ್ಲಿಂಗ್ ಏರುಪೇರಾದರೆ ಬೂಸ್ಟರ್ ಸೋರುತ್ತಿದೆ.

ಹೊಗೆಯ ಬಣ್ಣ ಗೊತ್ತಿರುವುದೇ: ನೀಲಿಯಾದರೆ ಆಯಿಲ್, ಕಪ್ಪಾದರೆ ಹೆಚ್ಚು ಇಂಧನ, ಬಿಸಿಯಾದ ಮೇಲೂ ನಿಲ್ಲದ ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಕೂಲೆಂಟ್.

ಬ್ಯಾಟರಿ ಮತ್ತು ಅರ್ತ್

ಮಲ್ಟಿಮೀಟರ್ ಸಾಕು. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಗಾಡಿಗಳಲ್ಲಿ ಇದು ಏರಿಳಿಯುವುದು ಸಹಜ.

ಇನ್ನೊಂದು ಅಳತೆಯನ್ನು ಹೆಚ್ಚಿನವರು ಮರೆಯುತ್ತಾರೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಒಳಗಿದ್ದರೆ ಚೆನ್ನ; 0.5 ದಾಟಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಬೋಲ್ಟ್ ಸಡಿಲ. ಅರ್ತ್ ಕೆಟ್ಟರೆ ಹಲವು ಸೆನ್ಸರ್‌ಗಳು ಒಟ್ಟಿಗೇ ಸ್ವಲ್ಪ ಸ್ವಲ್ಪ ಸುಳ್ಳು ಹೇಳುತ್ತವೆ, ಯಾವುದೂ ಮಿತಿ ದಾಟುವುದಿಲ್ಲ. ಅರ್ತ್ ಪಟ್ಟಿ ಬಿಚ್ಚಿ, ಉಜ್ಜುಕಾಗದದಲ್ಲಿ ಹೊಳೆಯುವಂತೆ ತಿಕ್ಕಿ, ಬಿಗಿ ಮಾಡಿ. ಆದರೆ ಮುಂದಿನ ಹಂತ ಮುಗಿಯುವವರೆಗೆ ಬ್ಯಾಟರಿ ಬಿಚ್ಚಬೇಡಿ. ಬಿಚ್ಚಿದರೆ ಇಸಿಯು ಕೂಡಿಟ್ಟ ಸುಳಿವುಗಳೆಲ್ಲ ಅಳಿಸಿಹೋಗಬಹುದು.

ಸ್ಕ್ಯಾನರ್: ಕೋಡ್ ಇಲ್ಲದಿದ್ದರೂ ಓದಲು ಬೇಕಾದಷ್ಟಿದೆ

ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾದ 16 ಪಿನ್ನಿನ ಒಬಿಡಿ (ಗಾಡಿಯೊಳಗಿನ ದೋಷಪತ್ತೆ ವ್ಯವಸ್ಥೆ) ಸಾಕೆಟ್ ಈಗ ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಡ್ಯಾಶ್‌ಬೋರ್ಡ್ ಕೆಳಗಿರುತ್ತದೆ. ಲೈವ್ ಡೇಟಾ ತೋರಿಸುವ ಸಾಧಾರಣ ಸ್ಕ್ಯಾನರ್ ಅಥವಾ ಫೋನಿಗೆ ಜೋಡಿಸುವ ಅಡಾಪ್ಟರ್ ಇದ್ದರೆ ಸಾಕು.

ಮೊದಲು ಬಾಕಿ ಕೋಡ್‌ಗಳು, ಸ್ಕ್ಯಾನರ್‌ನಲ್ಲಿ ಪೆಂಡಿಂಗ್ ಎಂದಿರುತ್ತದೆ. ಒಂದು ಸಲ ಕಂಡು, ಎರಡನೇ ಸಲಕ್ಕೆ ಕಾಯುತ್ತಿರುವ ದೋಷಗಳಿವು. ದೀಪ ಹೊತ್ತುವ ಮೊದಲೇ ಇಲ್ಲಿ ಸಿಗುತ್ತವೆ. ಆಮೇಲೆ ರೆಡಿನೆಸ್ ಪಟ್ಟಿ, ಅಂದರೆ ಇಸಿಯು ತಾನೇ ಮಾಡುವ ಪರೀಕ್ಷೆಗಳಲ್ಲಿ ಯಾವುವು ಮುಗಿದಿವೆ ಎಂಬ ಪಟ್ಟಿ. ಅದರಲ್ಲಿ ಹೆಚ್ಚಿನವು ‘ಪೂರ್ಣವಾಗಿಲ್ಲ’ ಎಂದಿದ್ದರೆ ಇತ್ತೀಚೆಗಷ್ಟೇ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಮೋಡ್ 6 (ಆ ಪರೀಕ್ಷೆಗಳ ಅಂಕಿಗಳನ್ನು ತೋರಿಸುವ ಪುಟ) ಇದ್ದರೆ ಅನೇಕ ಗಾಡಿಗಳಲ್ಲಿ ಸಿಲಿಂಡರ್‌ವಾರು ಮಿಸ್ಸಿಂಗ್ ಎಣಿಕೆ, ಅಂದರೆ ಇಂಧನ ಹೊತ್ತದೆ ತಪ್ಪಿದ ಸಲಗಳ ಲೆಕ್ಕ, ಸಿಗುತ್ತದೆ. ಮೂರು ಸಿಲಿಂಡರ್ ಸೊನ್ನೆ ಇದ್ದು ಒಂದರಲ್ಲಿ 40 ಇದ್ದರೆ ದೀಪಕ್ಕೆ ಅದು ಸಾಲದಿರಬಹುದು, ನಿಮಗೆ ಸಾಕು.

ಮುಂದೆ ಲೈವ್ ಡೇಟಾ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಕೂಲೆಂಟ್ ತಾಪಮಾನವೂ ಇಂಟೇಕ್ ಗಾಳಿಯ ತಾಪಮಾನವೂ ಹತ್ತಿರ ಹತ್ತಿರ ಒಂದೇ ಇರಬೇಕು. 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಓಡಿಸಿದ ಮೇಲೆ ಕೂಲೆಂಟ್ 85ರಿಂದ 105 ಡಿಗ್ರಿ ನಡುವೆ ನೆಲೆಸಬೇಕು. ಪಟ್ಟಣದಲ್ಲಿ 85 ಇದ್ದದ್ದು ಹೆದ್ದಾರಿಯಲ್ಲಿ 65ಕ್ಕೆ ಇಳಿಯುತ್ತದೆ ಎಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಮೈಲೇಜ್ ಹೋಗುವುದಕ್ಕೆ ಇಷ್ಟೇ ಸಾಕು. ಇಂಟೇಕ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಂಜಿನ್ ಆಫ್ ಇದ್ದಾಗ ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್, 900 ಮೀಟರ್ ಎತ್ತರದಲ್ಲಿ 90ರ ಆಸುಪಾಸು ತೋರಿಸಬೇಕು. ಬಿಸಿ ಐಡ್ಲಿಂಗ್‌ನಲ್ಲಿ ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ 30ರಿಂದ 40.

ಫ್ಯೂಯಲ್ ಟ್ರಿಮ್ ಓದುವುದು

ಇಲ್ಲಿ ಸ್ವಲ್ಪ ನಿಲ್ಲೋಣ, ಪೆಟ್ರೋಲ್ ಎಂಜಿನ್ನಿನ ಅರ್ಧ ಗುಟ್ಟು ಇಲ್ಲೇ ಇದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಮಾತು ಕೇಳಿ ಇಸಿಯು ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕುತ್ತಿದೆ ಎಂಬ ಶೇಕಡಾವಾರು ಅಂಕಿಯೇ ಟ್ರಿಮ್. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಇಸಿಯು ಕಲಿತಿಟ್ಟದ್ದು) ಎರಡನ್ನೂ ಕೂಡಿ. ಮೊತ್ತ ±5% ಒಳಗಿದ್ದರೆ ಸರಿ, ±10% ದಾಟಿದರೆ ಹುಡುಕಬೇಕು. ಅನೇಕ ಗಾಡಿಗಳಲ್ಲಿ ಕೋಡ್ ಬೀಳುವುದು 25% ಹತ್ತಿರ. ಈ 10ರಿಂದ 25ರ ನಡುವಿನ ಜಾಗವೇ ದೀಪವಿಲ್ಲದ ದೋಷಗಳ ಅಡಗುತಾಣ.

ಬಿಸಿ ಎಂಜಿನ್ನಿನಲ್ಲಿ ಮೂರು ಕಡೆ ಬರೆದುಕೊಳ್ಳಿ: ಐಡ್ಲಿಂಗ್, ನಿಂತಲ್ಲೇ 2,500 ಆರ್‌ಪಿಎಂ, ಮತ್ತು ಏರಿನಲ್ಲಿ ಹದವಾಗಿ ಎಳೆಸುವಾಗ. ಕೊನೆಯದಕ್ಕೆ ಪಕ್ಕದಲ್ಲಿ ಕೂತು ಓದುವವರು ಬೇಕು, ಓಡಿಸುತ್ತ ಪರದೆ ನೋಡಬೇಡಿ.

ಐಡ್ಲಿಂಗ್‌ನಲ್ಲಿ ಶಾರ್ಟ್ +8, ಲಾಂಗ್ +12, ಒಟ್ಟು +20. 2,500ರಲ್ಲಿ ಒಟ್ಟು +4 ಬಂತೆನ್ನಿ. ಥ್ರಾಟಲ್ ಆಚೆ ಎಲ್ಲೋ ಕದ್ದು ಗಾಳಿ ಒಳಹೋಗುತ್ತಿದೆ. ತೂತು ಅಷ್ಟೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಎಳೆತ ಜಾಸ್ತಿ, ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಂತೆ ಆ ಪಾಲು ಕರಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಐಡ್ಲಿಂಗ್‌ನಲ್ಲಿ +2, ಏರಿನಲ್ಲಿ +18 ಬಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ಕಡಿಮೆ ಎಣಿಸುತ್ತಿದೆ. ಎಲ್ಲ ಕಡೆ −15 ಎಂದರೆ ಸೋರುವ ಇಂಜೆಕ್ಟರ್, ತೆರೆದ ಪರ್ಜ್ ವಾಲ್ವ್, ಪೆಟ್ರೋಲ್ ಸೇರಿದ ಆಯಿಲ್ ಇವುಗಳನ್ನು ನೋಡಿ.

ಎರಡು ಎಚ್ಚರಿಕೆ. ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾಪ್ ಸೆನ್ಸರ್ ಮೇಲೆ ನಡೆಯುವ ಎಂಜಿನ್‌ಗಳಲ್ಲಿ (ಸಣ್ಣ ಕಾರುಗಳಲ್ಲಿ ಇದೇ ಹೆಚ್ಚು) ಕಳ್ಳಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಟ್ರಿಮ್ ಅಷ್ಟಾಗಿ ಅಲುಗುವುದಿಲ್ಲ. ಬದಲಿಗೆ ಐಡ್ಲಿಂಗ್ ಏರುತ್ತದೆ, ಮ್ಯಾಪ್ ಅಂಕಿ 45-50ಕ್ಕೆ ಹೋಗುತ್ತದೆ. ಇನ್ನೊಂದು, ಮೊದಲ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಸೋರುತ್ತಿದ್ದರೆ ಹೊರಗಾಳಿ ಸೆನ್ಸರ್‌ಗೆ ತಾಗಿ ಟ್ರಿಮ್ ಸುಮ್ಮನೆ ಮೇಲೇರುತ್ತದೆ. ತಣ್ಣನೆ ಸ್ಟಾರ್ಟ್‌ನಲ್ಲಿ ‘ಟಿಕ್ ಟಿಕ್’ ಕೇಳಿ, ಬಿಸಿಯಾದಂತೆ ನಿಂತರೆ ಇದೇ ಇರಬಹುದು.

ಕಳ್ಳಗಾಳಿ ಹುಡುಕಲು, ಹೊಗೆ ತುಂಬಿ ಸೋರಿಕೆ ತೋರಿಸುವ ಸ್ಮೋಕ್ ಮಷೀನ್ ಉತ್ತಮ. ಇಲ್ಲದಿದ್ದರೆ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಕನೆಕ್ಟರ್‌ಗಳನ್ನು ತಪ್ಪಿಸಿ, ಅನುಮಾನದ ಜೋಡಣೆಗೆ ಸಿಂಪಡಿಸಿ. ಕ್ಷಣ ಹೊತ್ತು ಐಡ್ಲಿಂಗ್ ಬದಲಾದರೆ ಅದೇ ಜಾಗ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಪೆಟ್ರೋಲ್, ಕ್ಲೀನರ್ ಸಿಂಪಡಿಸುವ ಸಾಹಸ ಬೇಡ.

ಪೆಟ್ರೋಲ್ ಸಾಲದ ಅನುಮಾನಕ್ಕೆ ರಸ್ತೆಯ ಮೇಲೆಯೇ ಉತ್ತರವಿದೆ. ಹಳೆಯ ಬಗೆಯ, 0.1ರಿಂದ 0.9 ವೋಲ್ಟ್ ನಡುವೆ ಆಡುವ ಆಕ್ಸಿಜನ್ ಸೆನ್ಸರ್ ಇದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು 0.8ರ ಮೇಲೆ ನಿಲ್ಲಬೇಕು. 0.2ಕ್ಕೆ ಕುಸಿದರೆ ಫ್ಯೂಯಲ್ ಪ್ರೆಷರ್ ಗೇಜ್ ಹಾಕಲೇಬೇಕು. ಸಾಮಾನ್ಯ ಪೋರ್ಟ್ ಇಂಜೆಕ್ಷನ್‌ನಲ್ಲಿ 3ರಿಂದ 4 ಬಾರ್ ಇರುತ್ತದೆ, ನಿಮ್ಮ ಗಾಡಿಯ ಅಂಕಿ ಮ್ಯಾನುಯಲ್‌ನಲ್ಲಿ ನೋಡಿ. ಡೈರೆಕ್ಟ್ ಇಂಜೆಕ್ಷನ್‌ನ ಹೈ ಪ್ರೆಷರ್ ಲೈನ್ ಮನೆಯಲ್ಲಿ ಬಿಚ್ಚುವಂಥದ್ದಲ್ಲ.

ಪ್ಲಗ್ ಮತ್ತು ಕಾಯಿಲ್

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ಸಿಲಿಂಡರ್ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿಡಿ. ತಿಳಿಗಂದು ಅಥವಾ ಬೂದು ಬಣ್ಣ ಸರಿ. ಒಣ ಕಪ್ಪು ಮಸಿ ಎಂದರೆ ಹೆಚ್ಚು ಪೆಟ್ರೋಲ್, ಎಣ್ಣೆ ಜಿಡ್ಡು ಎಂದರೆ ಆಯಿಲ್. ನಾಲ್ಕರಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರ್‌ಗೆ ಕೂಲೆಂಟ್ ಸೋರುತ್ತಿರಬಹುದು. ಬಿಳಿ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಇದೆಯೇ ನೋಡಿ: ಕಿಡಿ ತುದಿಯಲ್ಲಿ ಹಾರದೆ ಆ ದಾರಿಯಲ್ಲಿ ಜಾರಿ ಹೋಗುತ್ತಿದೆ. ಏರಿನಲ್ಲಿ ಮಾತ್ರ ಮಿಸ್ ಹೊಡೆಯಲು ಇದೊಂದೇ ಸಾಕು, ಯಾಕೆಂದರೆ ಸಿಲಿಂಡರ್ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಅಂಥ ಪ್ಲಗ್ ಬದಲಿಸುವಾಗ, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್‌ನ ರಬ್ಬರ್ ಬೂಟ್ ಕೂಡ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲಗ್‌ಗೂ ಅದೇ ಗೀರು ಬೀಳುತ್ತದೆ.

ಗ್ಯಾಪ್ ಹೆಚ್ಚಿನ ಎಂಜಿನ್‌ಗಳಲ್ಲಿ 0.7ರಿಂದ 1.1 ಮಿಲಿಮೀಟರ್. ಕಾಯಿಲ್ ಅನುಮಾನವಿದ್ದರೆ ಹೊಸದು ಕೊಳ್ಳುವ ಮೊದಲು ಎರಡನೇ ಸಿಲಿಂಡರ್‌ನದನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿ ಓಡಿಸಿ. ಮಿಸ್ಸಿಂಗ್ ಎಣಿಕೆ ಕಾಯಿಲ್ ಜೊತೆ ಹೋದರೆ ಕಾಯಿಲ್. ಹೋಗದೆ ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್. ಓಡುತ್ತಿರುವ ಎಂಜಿನ್‌ನಲ್ಲಿ ಕಾಯಿಲ್ ಎಳೆಯಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಕಂಪ್ರೆಷನ್ ಪರೀಕ್ಷೆ

1. ಎಂಜಿನ್ ಬಿಸಿಯಾಗಿಸಿ, ಮುಟ್ಟುವಷ್ಟು ತಣ್ಣಗಾಗಲು ಬಿಡಿ. ಎಲ್ಲ ಪ್ಲಗ್ ಬಿಚ್ಚಿ. ಇಂಜೆಕ್ಟರ್ ಮತ್ತು ಕಾಯಿಲ್ ಫ್ಯೂಸ್ ತೆಗೆಯಿರಿ.
2. ಗೇಜ್ ಸಿಕ್ಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಗೇಜ್ ಐದಾರು ಸಲ ಜಿಗಿಯುವವರೆಗೆ ಸೆಲ್ಫ್ ಹೊಡೆಯಿರಿ. ಎಲ್ಲ ಸಿಲಿಂಡರ್‌ಗೂ ಅಷ್ಟೇ ಎಣಿಕೆ. ಥ್ರಾಟಲ್ ತೆರೆಯದೆ ಅಳೆದು ‘ಕಂಪ್ರೆಷನ್ ಇಲ್ಲ’ ಎಂದು ಹೆದರುವುದು ಸಾಮಾನ್ಯ ತಪ್ಪು.
3. ಪೆಟ್ರೋಲ್ ಎಂಜಿನ್‌ಗಳಲ್ಲಿ ಹೆಚ್ಚಾಗಿ 9ರಿಂದ 14 ಬಾರ್ ಬರುತ್ತದೆ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ: 15% ದಾಟಬಾರದು.
4. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ, ಅಂದರೆ 5 ಮಿಲಿಲೀಟರ್ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹರಿದಿರುವ ಸಂಭವ ಹೆಚ್ಚು.

ಡೀಸೆಲ್‌ಗೆ ಈ ಗೇಜ್ ಬೇಡ. ಅಲ್ಲಿ ಒತ್ತಡ ಇದರ ಎರಡು ಪಟ್ಟಿಗೂ ಮೀರುತ್ತದೆ.

ಎಲ್ಲ ಸರಿ ಇದ್ದೂ ಮೇಲಿನ ವೇಗದಲ್ಲಿ ಉಸಿರುಗಟ್ಟಿದರೆ ಎಕ್ಸಾಸ್ಟ್ ಕಟ್ಟಿರಬಹುದು. ವ್ಯಾಕ್ಯೂಮ್ ಗೇಜ್ ಹಾಕಿ 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿಯಿರಿ. ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿಯೋ ಪುಡಿಯಾಗಿಯೋ ದಾರಿ ಮುಚ್ಚಿದೆ. ಅದನ್ನು ಬದಲಿಸುವ ಮೊದಲು ಅದು ಯಾಕೆ ಕರಗಿತು ಎಂದು ಕೇಳಿಕೊಳ್ಳಿ. ಬಹುಮಟ್ಟಿಗೆ ಹಿಂದೆ ಅಲಕ್ಷ್ಯ ಮಾಡಿದ ಮಿಸ್ಸಿಂಗ್ ಕಾರಣವಾಗಿರುತ್ತದೆ.

ಡೀಸೆಲ್ ಗಾಡಿಯಾದರೆ

ಫ್ಯೂಯಲ್ ಫಿಲ್ಟರ್ ಮೊದಲು. ಅದರ ತಳದ ನೀರು ಹೊರಬಿಡಿ. ನಂತರ ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್‌ಗಳು. ಜೋಡಣೆಯ ಸುತ್ತ ಹಸಿ ಎಣ್ಣೆ, ಎಳೆಸುವಾಗ ಸೀಟಿ, ಹಿಂದೆ ಕಪ್ಪು ಹೊಗೆ ಇವು ಸೇರಿದರೆ ಹೋಸ್ ಸೀಳಿದೆ. ಸ್ಕ್ಯಾನರ್‌ನಲ್ಲಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಮತ್ತು ರೈಲ್ ಪ್ರೆಷರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ) ಇವುಗಳ ‘ಬೇಕಾದದ್ದು’ ಮತ್ತು ‘ಇರುವುದು’ ಎರಡನ್ನೂ ಏರಿನಲ್ಲಿ ಹೋಲಿಸಿ, ಯಾವುದು ಹಿಂದೆ ಬೀಳುತ್ತದೋ ಆ ಕಡೆ ಹುಡುಕಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಆಗೀಗ ಐಡ್ಲಿಂಗ್ ಏರಿ, ಫ್ಯಾನ್ ಜೋರಾಗಿ ತಿರುಗಿ, ಬಿಸಿ ವಾಸನೆ ಬಂದರೆ ಅದು ಮಸಿ ಸುಡುವ ಕೆಲಸ, ದೋಷವಲ್ಲ. ನಡುವೆಯೇ ಪದೇ ಪದೇ ಎಂಜಿನ್ ಆಫ್ ಮಾಡಿದರೆ ಮಾತ್ರ ಆಯಿಲ್ ಮಟ್ಟ ಏರತೊಡಗುತ್ತದೆ.

ರಿಪೇರಿಯಾದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್, ಸೆನ್ಸರ್, ಹೋಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ದೋಷ ಮರಳಿದಾಗ ಮತ್ತೆ ಮೊದಲಿನಿಂದ ಶುರು. ಕೆಲಸ ಮುಗಿದ ಮೇಲೆ ಸ್ಕ್ಯಾನರ್‌ನಿಂದ ನೆನಪು ಅಳಿಸಿ, ಟ್ರಿಮ್ ಸೊನ್ನೆಯಿಂದ ಕಲಿಯಲು ಬಿಡಿ. ಥ್ರಾಟಲ್ ಶುಚಿ ಮಾಡಿದ್ದರೆ ಐಡ್ಲಿಂಗ್ ಹದಕ್ಕೆ ಬರಲು ಕೆಲವು ಓಟ ಬೇಕು. ಕೆಲವು ಗಾಡಿಗಳಿಗೆ ಅದನ್ನು ಸ್ಕ್ಯಾನರ್‌ನಿಂದಲೇ ಕಲಿಸಬೇಕು. ಎರಡು ಮೂರು ದಿನ ಓಡಿಸಿ, ಮೊದಲು ಬರೆದಿಟ್ಟ ಅದೇ ಸಂದರ್ಭದಲ್ಲಿ, ಅಂದರೆ ಅದೇ ಏರು, ಅದೇ ಗೇರ್, ಅದೇ ಬಿಸಿಯಲ್ಲಿ ಮತ್ತೆ ಟ್ರಿಮ್ ಬರೆದುಕೊಂಡು ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ರೆಡಿನೆಸ್ ಪಟ್ಟಿ ಪೂರ್ಣವಾದ ದಿನ ಬಾಕಿ ಕೋಡ್‌ಗಳನ್ನು ಇನ್ನೊಮ್ಮೆ ತೆರೆಯಿರಿ.